ಬೆಂಕಿ ಎಷ್ಟೆತ್ತರ, ಹುಲ್ಲು ಎಷ್ಟೆತ್ತರ?

ಪೊರಕೆ ಕಟ್ಟುವವರ ಮನೆಯಲ್ಲಿ ಪೊರಕೆಗಳು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿದ್ದವು.

ಇದು ಮೊದಲು ಗೊತ್ತಾದದ್ದು ಬೀದಿಯ ಸೊಂಟಗಳಿಗೆ. ಒಂದು ಕಾಲಕ್ಕೆ ನೆಟ್ಟಗೆ ನಿಂತು ಅಂಗಳ ಗುಡಿಸುತ್ತಿದ್ದವರು ಆಮೇಲೆ ಸ್ವಲ್ಪ ಬಾಗಿದರು, ಮತ್ತೆ ಪೂರ್ತಿ ಬಾಗಿದರು, ಈ ವರ್ಷ ಕೂತುಕೊಂಡೇ ಗುಡಿಸುವ ಹಾಗಾಯಿತು. ಪಕ್ಕದ ಮನೆಯ ದರ್ಜಿಯಂತೂ ಹೊಸ ಪೊರಕೆಯನ್ನು ಹೊಲಿಗೆ ಮಿಷನ್ನಿನ ಮೇಲೆ ನಿಲ್ಲಿಸಿ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದ.

"ನೋಡಿ, ಒಂದೇ ಸಾಮಾನು, ಎರಡು ಕೆಲಸ. ಮನೆಯನ್ನೂ ಗುಡಿಸಬಹುದು, ಗಡ್ಡಕ್ಕೆ ಸೋಪೂ ಹಚ್ಚಬಹುದು."

ಈ ಮಾತು ಗೋಡೆ ದಾಟಿ ಬಂದಾಗಲೆಲ್ಲ ಪೊರಕೆ ಕಟ್ಟುವ ಯಜಮಾನ ಹಲ್ಲು ಕಡಿಯುತ್ತಿದ್ದ. ಯಜಮಾನನಿಗೆ ಊರಿನವರು ಇಟ್ಟ ಹೆಸರು ಬೆಂಕಿಯಜ್ಜ. ಅದಕ್ಕೆ ಕಾರಣವಿತ್ತು. ಅವನ ಮನೆಯ ಹಿಂದೆ ಒಣಕಾಡು. ಬೇಸಿಗೆ ಬಂತೆಂದರೆ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಲ್ಲುವ ಮರಗಳು, ನಡುವೆ ಇಳಿಜಾರಿನಲ್ಲಿ ಪೊರಕೆಹುಲ್ಲು. ಆ ಇಳಿಜಾರಿನಲ್ಲಿ ಹುಲ್ಲು ಕೊಯ್ದುಕೊಳ್ಳಬಹುದು, ಆದರೆ ಬೆಂಕಿ ಮಾತ್ರ ಹಚ್ಚಬಾರದು ಎಂದು ಅರಣ್ಯ ಕಚೇರಿಯವರು ಹಿಂದೆಯೇ ಹೇಳಿದ್ದರು. ಬೆಂಕಿಯಜ್ಜನಿಗೆ ಆ ಮಾತಿನ ಮೊದಲರ್ಧ ಚೆನ್ನಾಗಿ ಕೇಳಿಸಿತ್ತು.

ಅವನ ಅಪ್ಪ ಅವನಿಗೆ ಒಂದೇ ಒಂದು ವಿದ್ಯೆ ಹೇಳಿಕೊಟ್ಟು ಕಣ್ಣು ಮುಚ್ಚಿದ್ದ: ಬೆಂಕಿ ಎಷ್ಟೆತ್ತರವೋ ಹುಲ್ಲೂ ಅಷ್ಟೆತ್ತರ. ಹಾಗಾಗಿ ಪ್ರತಿ ವರ್ಷ, ನೆತ್ತಿ ಸುಡುವ ಬಿಸಿಲಿನಲ್ಲಿ, ತರಗೆಲೆ ಕಡ್ಡಿಕಸವನ್ನೆಲ್ಲ ಗೋರಿ ಅಲ್ಲಲ್ಲಿ ಗುಡ್ಡೆ ಹಾಕಿ ಅಜ್ಜ ಬೆಂಕಿ ಕೊಡುತ್ತಿದ್ದ. ಆಮೇಲೆ ದೂರದಲ್ಲಿ ನಿಂತು, ಕೈ ಮೇಲೆತ್ತಿ, ಉರಿ ತನ್ನ ಬೆರಳು ಮುಟ್ಟುವಷ್ಟು ಎತ್ತರ ಬಂತೋ ಇಲ್ಲವೋ ಎಂದು ಅಳೆಯುತ್ತಿದ್ದ. ಆ ವರ್ಷ ಹುಲ್ಲು ಗಿಡ್ಡವಾದರೆ, ಬೆಂಕಿ ಸಾಲಲಿಲ್ಲ ಎಂದು ಮುಂದಿನ ವರ್ಷ ಗುಡ್ಡೆ ದೊಡ್ಡದಾಗುತ್ತಿತ್ತು. ಹುಲ್ಲು ಇನ್ನೂ ಗಿಡ್ಡವಾಗುತ್ತಿತ್ತು. ಗುಡ್ಡೆ ಇನ್ನೂ ದೊಡ್ಡದಾಗುತ್ತಿತ್ತು. ಕುಡಿದಷ್ಟೂ ರೋಗ ಹೆಚ್ಚಾದರೆ ಯಾರಿಗಾದರೂ ಔಷಧಿಯ ಮೇಲೆ ಅನುಮಾನ ಬರಬೇಕು. ಅಜ್ಜನಿಗೆ ಅನುಮಾನ ಬರುತ್ತಿದ್ದದ್ದು ಚಮಚದ ಮೇಲೆ.

ಆ ಸಲದ ಹುಲ್ಲು ಕೊಯ್ದು, ಒಣಗಿಸಿ, ಬಡಿದು, ಮೊಳೆ ಹೊಡೆದ ಹಲಗೆಯಲ್ಲಿ ಬಾಚಿ, ಪೊರಕೆ ಕಟ್ಟುವ ಕೆಲಸ ನಡೆದಿತ್ತು. ಮುಂದಿನ ಕೋಣೆಯಲ್ಲಿ ಧೂಳು ಎಷ್ಟಿತ್ತೆಂದರೆ ಒಳಗೆ ಬಂದವರು ಮೊದಲು ಸೀನಿ ಆಮೇಲೆ ಮಾತಾಡುತ್ತಿದ್ದರು. ಸಗಟು ವ್ಯಾಪಾರಿಯೂ ಹಾಗೆಯೇ ಮಾಡಿದ. ಆಸ್ಪತ್ರೆಗೆ, ಬಸ್ ನಿಲ್ದಾಣಕ್ಕೆ, ಶಾಲೆಗಳಿಗೆ ಪೊರಕೆ ಕೊಡುವವನು ಅವನೇ. ಸೀನಿ ಮುಗಿಸಿ, ಒಂದು ಪೊರಕೆ ಎತ್ತಿಕೊಂಡು ತನ್ನ ಕಾಲಿನ ಪಕ್ಕ ಹಿಡಿದ.

"ಯಜಮಾನ್ರೇ, ಹೋದ ವರ್ಷ ಇದು ನನ್ನ ಮೊಣಕಾಲಿಗಿಂತ ಮೇಲಿತ್ತು. ಈಗ ನೋಡಿ."

"ನೀವು ಎತ್ತರ ಆಗಿರಬೇಕು," ಎಂದ ಅಜ್ಜ.

"ಈ ವಯಸ್ಸಲ್ಲಾ? ನಾನು ಅಗಲ ಆಗಿದ್ದೀನಿ, ಎತ್ತರ ಅಲ್ಲ." ವ್ಯಾಪಾರಿ ನಗಲಿಲ್ಲ. "ಗುಡಿಸೋರೆಲ್ಲ ಬೆನ್ನು ಹಿಡ್ಕೊಂಡು ಬಂದು ನನ್ನ ಅಂಗಡಿ ಮುಂದೆ ಕೂರ್ತಿದ್ದಾರೆ. ಈ ಸಲ ಹೇಗೋ ತಗೋತೀನಿ. ಮುಂದಿನ ಕೊಯ್ಲಿಗೂ ಹೀಗೇ ಇದ್ರೆ, ಬೇಜಾರು ಮಾಡ್ಕೋಬೇಡಿ, ಪ್ಲಾಸ್ಟಿಕ್ ಪೊರಕೆಗೆ ಹೋಗ್ತೀನಿ."

"ಉದ್ದದ ಕೋಲು ಸಿಗಿಸಿ ಕೊಟ್ರೆ?"

ಕಂತೆಗೆ ತಂತಿ ಬಿಗಿಯುತ್ತಿದ್ದ ಅಜ್ಜಿ ತಲೆ ಎತ್ತದೆಯೇ ಹೇಳಿದಳು, "ಗಿಡ್ಡ ಗಂಡಿಗೆ ಎತ್ತರದ ಟೋಪಿ ಹಾಕಿ ಹೆಣ್ಣು ಕೇಳೋಕೆ ಹೋದ್ರಂತೆ."

ವ್ಯಾಪಾರಿ ಹೋದ ಮೇಲೂ ಪ್ಲಾಸ್ಟಿಕ್ ಎಂಬ ಮಾತು ಆ ಕೋಣೆಯಿಂದ ಹೋಗಲಿಲ್ಲ. ಆ ಮನೆಯಲ್ಲಿ ಯಾರಿಗೂ ಬೇರೆ ಕಸುಬು ಗೊತ್ತಿರಲಿಲ್ಲ. ಮಗನ ಅಂಗೈ ಹುಲ್ಲು ಕೊಯ್ದು ಕೊಯ್ದು ಮರದ ತೊಗಟೆಯಾಗಿತ್ತು. ಸೊಸೆ ಬಂದ ಹೊಸದರಲ್ಲಿ ತಂತಿ ಚುಚ್ಚಿಕೊಂಡು ಅತ್ತವಳು, ಈಗ ಮಾತಾಡುತ್ತ ಮಾತಾಡುತ್ತಲೇ ಪೊರಕೆ ಕಟ್ಟಿ ಬಿಸಾಡುತ್ತಿದ್ದಳು. ಇದೆಲ್ಲ ಮುಗಿದುಹೋದರೆ? ಅಜ್ಜ ಅನ್ನದ ತಟ್ಟೆ ಹಾಗೇ ಬಿಟ್ಟು ಎದ್ದ. ಬೆಳಗಾಗುತ್ತಲೇ ಅವನು ತೀರ್ಮಾನಕ್ಕೆ ಬಂದ. ಈ ವರ್ಷ ಉರಿ ಮರದ ತುದಿ ದಾಟಬೇಕು!

ಚಳಿ ಇನ್ನೂ ಬಿಟ್ಟಿರಲಿಲ್ಲ. ಆಗಲೇ ಕುಂಟೆ ಹಿಡಿದು ಎಲೆ ಗೋರಲು ಶುರುಮಾಡಿದ.

ಅಷ್ಟರಲ್ಲಿ ಬೀಗಿತ್ತಿ ಬಂದಳು.

ಬೀಗಿತ್ತಿ ಎಂದರೆ ಸೊಸೆಯ ತಾಯಿ. ಗುಡ್ಡದ ಆಚೆ ಅವಳ ಊರು. ಅವಳದೂ ಹುಲ್ಲಿನ ಕಸುಬೇ. ಜೊತೆಗೆ, ಅರಣ್ಯ ಕಚೇರಿಯಿಂದ ತರಬೇತಿ ಪಡೆದ ಮಹಿಳಾ ಸಂಘದ ಬೆಂಕಿ ತಂಡಕ್ಕೆ ಅವಳು ಮುಂದಾಳು. ಮಗಳನ್ನು ನೋಡಲು ಬಂದವಳು ಬರಿಗೈಯಲ್ಲಿ ಬರಬಾರದೆಂದು ಉಡುಗೊರೆ ತಂದಿದ್ದಳು. ಪೊರಕೆ! ಅದೂ ನಿಲ್ಲಿಸಿದರೆ ಅಜ್ಜನ ಎದೆಗೆ ಬರುವಷ್ಟು ಉದ್ದದ ಪೊರಕೆ.

ಹೂವಾಡಗಿತ್ತಿಯ ಮನೆಗೆ ಯಾರಾದರೂ ಹೂ ತರುತ್ತಾರೆಯೆ? ಅಜ್ಜನ ಮುಖ ಕೆಂಪಾಯಿತು. ಆದರೆ ಬೀಗಿತ್ತಿಯನ್ನು ಬೈಯುವ ಹಾಗಿಲ್ಲ. ಬೈದರೆ ಸೊಸೆಯ ಮುಖ ಬಾಡುತ್ತದೆ. ಸೊಸೆಯ ಮುಖ ಬಾಡಿದರೆ ಕಾಫಿ ನೀರಾಗುತ್ತದೆ. ಅಜ್ಜ ಸಿಟ್ಟನ್ನು ಮರ್ಯಾದೆಯಲ್ಲಿ ಸುತ್ತಿ ಕೊಟ್ಟ.

"ಯಾಕೆ ತೊಂದ್ರೆ ತಗೊಂಡ್ರಿ ಬೀಗಿತ್ತಿಯವ್ರೇ. ನಮ್ಮನೇಲಿ ಪೊರಕೆಗೇನು ಬರ ಇರಲಿಲ್ಲ."

"ಬರ ಅಂತಲ್ಲ ಬೀಗರೇ. ಮಗಳಿಗೆ ಬೆನ್ನುನೋವಂತೆ."

ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿತ್ತು. ಸೊಸೆ ಹೊರಗೆ ಬರಲಿಲ್ಲ.

ಕಾಫಿ ಕುಡಿದು ಬೀಗಿತ್ತಿ ಹಿತ್ತಿಲಿಗೆ ಹೋದಳು. ಇಳಿಜಾರಿನ ಉದ್ದಕ್ಕೂ ಎದ್ದಿದ್ದ ಎಲೆಗುಡ್ಡೆಗಳನ್ನು ನೋಡಿ ಸೊಂಟಕ್ಕೆ ಕೈ ಇಟ್ಟಳು.

"ಇದೇನು ಬೀಗರೇ, ಇಷ್ಟೊಂದು ಗುಡ್ಡೆ?"

"ಬೇಸಿಗೆ ಬರಲಿ, ನೋಡ್ತಿರಿ. ಉರಿ ಹ್ಯಾಗೆ ಏಳುತ್ತೆ ಅಂತ! ಉರಿ ಎತ್ತರ ಎದ್ರೆ ಬೂದಿ ಜಾಸ್ತಿ, ಬೂದಿ ಜಾಸ್ತಿಯಾದ್ರೆ ಹುಲ್ಲು ಉದ್ದ. ನಮ್ಮಪ್ಪನ ಕಾಲದಿಂದ ಬಂದಿದ್ದು."

"ಬೂದಿ ಒಳ್ಳೇದೇ, ಇಲ್ಲ ಅನ್ನಲ್ಲ. ಅದ್ರಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಅಂಶ ಇದೆ. ಆದ್ರೆ ಬೂದಿ ಉಪ್ಪಿದ್ದ ಹಾಗೆ ಬೀಗರೇ. ಉಪ್ಪು ಹಾಕಿದ್ರೆ ಊಟಕ್ಕೆ ರುಚಿ. ಊಟಾನೇ ಸುಟ್ಟು ಉಪ್ಪೊಂದೇ ಬಡಿಸಿದ್ರೆ?"

"ಊಟ ಯಾರು ಸುಟ್ರು?"

"ನೀವೇ. ಈ ತರಗೆಲೆಯೇ ಮಣ್ಣಿನ ಊಟ. ಕೊಳೆತು ಗೊಬ್ಬರ ಆಗ್ಬೇಕು, ಮಳೆನೀರು ಹಿಡಿದಿಟ್ಕೋಬೇಕು. ಹುಲ್ಲನ್ನ ಎತ್ತರ ಬೆಳೆಸೋದು ಸಾರಜನಕ. ಜೋರು ಬೆಂಕಿ ಬಿದ್ರೆ ಅದು ಬೂದೀಲಿ ಉಳಿಯಲ್ಲ, ಹೊಗೆ ಜೊತೆ ಮೇಲಕ್ಕೆ ಹೋಗ್ಬಿಡುತ್ತೆ. ನಿಮ್ಮ ಉದ್ದ ಹುಲ್ಲೆಲ್ಲ ಈಗ ಮೋಡದಲ್ಲಿ ಬೆಳೀತಿರಬೇಕು. ಏಣಿ ಇದ್ರೆ ಹತ್ತಿ ಕೊಯ್ಕೊಂಡು ಬನ್ನಿ."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ನಗುತ್ತಿರುವುದು ಭುಜದಲ್ಲಿ ಕಾಣುತ್ತಿತ್ತು.

"ಹಾಗಲ್ಲ," ಅಜ್ಜ ಬಿಡಲಿಲ್ಲ, "ಬೆಂಕಿ ಬಿದ್ದ ಮೇಲೆ ಮೊದಲ ಮಳೆಗೆ ಹಸಿರು ಹ್ಯಾಗೆ ಚಿಗುರುತ್ತೆ, ನೋಡಿಲ್ವಾ ನೀವು?"

"ನೋಡಿದ್ದೀನಿ. ಹೊಸ ಅಳಿಯನ ಉತ್ಸಾಹ ಅದು. ಬೇರು ಕೂಡಿಟ್ಟಿದ್ದನ್ನೆಲ್ಲ ಖರ್ಚು ಮಾಡಿ ಚಿಗುರುತ್ತೆ, ಬೂದೀದೂ ಒಂದಿಷ್ಟು ತಿನ್ನುತ್ತೆ. ಆಮೇಲೆ ಮಣ್ಣಲ್ಲಿ ಏನೂ ಸಿಗದೆ ಅರ್ಧಕ್ಕೇ ನಿಲ್ಲುತ್ತೆ. ನಿಲ್ಲುತ್ತೋ ಇಲ್ವೋ ಹೇಳಿ?"

ನಿಲ್ಲುತ್ತಿತ್ತು. ಅದನ್ನು ಹೇಳುವ ಬದಲು ಅಜ್ಜ ಕೆಮ್ಮಿದ.

ಬೀಗಿತ್ತಿ ಕಾಫಿ ಲೋಟ ತೊಳೆದು ನೀರು ತುಂಬಿಸಿಕೊಂಡು ಬಂದಳು. ಹೋದ ಬೇಸಿಗೆಯ ಅತಿ ದೊಡ್ಡ ಗುಡ್ಡೆ ಉರಿದ ಜಾಗಕ್ಕೆ ಹೋದಳು. ಒಂದು ಎಸಳು ಹುಲ್ಲಿಲ್ಲದ ಬೋಳು ಜಾಗ ಅದು. ಮೇಲಿನ ಮಣ್ಣು ಸ್ವಲ್ಪ ಕೆರೆದು ನೀರು ಸುರಿದಳು. ನೀರು ಒಳಗೆ ಇಳಿಯಲಿಲ್ಲ. ಗುಂಡುಗುಂಡಾಗಿ ಉರುಳಿ, ಇಳಿಜಾರು ಹಿಡಿದು, ಸೀದಾ ಬಂದು ಅಜ್ಜನ ಚಪ್ಪಲಿಯೊಳಗೆ ಹೊಕ್ಕಿತು.

"ಅದಕ್ಕೆ ಬಾಯಾರಿಕೆ ಇಲ್ಲ," ಎಂದ ಅಜ್ಜ.

"ಬಾಯಾರಿಕೆ ಇದೆ, ಬಾಯಿ ಮುಚ್ಚಿದೆ. ವಿಪರೀತ ಕಾವಿಗೆ ಎಲೆಯಲ್ಲಿರೋ ಮೇಣದಂಶ ಆವಿಯಾಗಿ ಮಣ್ಣೊಳಗೆ ಇಳಿದು, ತಣ್ಣಗಾಗಿ ಅಂಟ್ಕೊಂಡಿದೆ. ಮಣ್ಣಿಗೆ ನೀವು ರೈನ್‌ಕೋಟ್ ಹಾಕ್ಸಿದ್ದೀರಿ ಬೀಗರೇ."

ಆಮೇಲೆ ಅವಳು ದೊಡ್ಡ ಬಂಡೆಯ ಹಿಂದಕ್ಕೆ ಹೋದಳು. ಅಜ್ಜನ ಬೆಂಕಿ ಎಂದೂ ಅಲ್ಲಿಗೆ ಮುಟ್ಟಿರಲಿಲ್ಲ. ಉಳಿದ ನೀರು ಅಲ್ಲಿ ಸುರಿದಳು. ಎಲೆಗಳ ಕೆಳಗೆ ನೀರು ಗುಳುಂ ಎಂದು ಮಾಯವಾಯಿತು. ಅಲ್ಲಿ ಕೊಯ್ದು ಬಿಟ್ಟ ಹುಲ್ಲಿನ ಕೂಳೆಯೂ ಹೆಬ್ಬೆರಳು ದಪ್ಪದ ಬುಡ ಕಟ್ಟಿತ್ತು.

"ಅದು ಬಂಡೆ ನೆರಳಿಗೆ," ಎಂದ ಅಜ್ಜ.

"ಆಯ್ತು ಬಿಡಿ. ಬಂಡೆ ನೆರಳಿಗೇ," ಎಂದಳು ಬೀಗಿತ್ತಿ. ಅವಳು ಒಪ್ಪಿಕೊಂಡ ರೀತಿ ಅಜ್ಜನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನದಿಂದ ಅಜ್ಜನದೊಂದು ಹೊಸ ಅಭ್ಯಾಸ ಶುರುವಾಯಿತು. ಯಾರೂ ನೋಡದ ಹೊತ್ತು ಸಾಧಿಸಿ, ಚೊಂಬು ತುಂಬ ನೀರು ತೆಗೆದುಕೊಂಡು, ಇಳಿಜಾರು ಹತ್ತುತ್ತಿದ್ದ. ಬೀಗಿತ್ತಿ ಸುಳ್ಳು ಹೇಳಿದ್ದಾಳೆ ಎಂದು ತೋರಿಸಬೇಕಿತ್ತು ಅವನಿಗೆ. ಒಂದು ಗುಡ್ಡೆಯ ಜಾಗದಲ್ಲಿ ಹಾಗಾದರೆ ಎಲ್ಲ ಕಡೆ ಹಾಗೆಯೇ ಆಗುತ್ತದೆಯೆ? ಕುಕ್ಕರುಗಾಲಲ್ಲಿ ಕೂತು ನೀರು ಸುರಿಯುತ್ತಿದ್ದ, ನೋಡುತ್ತಿದ್ದ, ತಲೆ ಕೆರೆದುಕೊಳ್ಳುತ್ತಿದ್ದ, ಚೊಂಬು ಖಾಲಿಯಾದರೆ ಮನೆಗೆ ಓಡಿ ಬಂದು ಮತ್ತೆ ತುಂಬಿಸಿಕೊಂಡು ಹೋಗುತ್ತಿದ್ದ.

ಚೊಂಬು ಹಿಡಿದು ಅವಸರದಲ್ಲಿ ಗುಡ್ಡ ಹತ್ತುವ ಮುದುಕನನ್ನು ಕಂಡರೆ ಜನ ಏನೆಂದುಕೊಳ್ಳುತ್ತಾರೆ ಎಂಬುದು ಮಾತ್ರ ಅವನ ತಲೆಗೆ ಹೊಳೆಯಲಿಲ್ಲ.

"ಅಜ್ಜಾ, ಹೊಟ್ಟೆ ಹೇಗಿದೆ?" ಎಂದು ದರ್ಜಿ ಕಿಟಕಿಯಿಂದ ಕೇಳಿದ.

"ನನ್ನ ಹೊಟ್ಟೆಗೇನು? ಗುಂಡುಕಲ್ಲು!"

"ಅಯ್ಯೋ ಪಾಪ. ಹಾಗಾದ್ರೆ ಬಂದೂ ಬರದೆ ಇರೋ ಕಷ್ಟ. ಅದು ಇನ್ನೂ ಕೆಟ್ಟದ್ದು."

ಅಜ್ಜನಿಗೆ ತಲೆಬುಡ ತಿಳಿಯಲಿಲ್ಲ. ಮಧ್ಯಾಹ್ನ ಸೊಸೆ ಎಲ್ಲರಿಗೂ ಅನ್ನ ಬಡಿಸಿ ಅವನಿಗೊಬ್ಬನಿಗೆ ಗಂಜಿ ಕೊಟ್ಟಳು. ಸಂಜೆ ದರ್ಜಿಯ ಹೆಂಡತಿ ಯಾವುದೋ ಪುಡಿಯ ಪೊಟ್ಟಣ ಕಳಿಸಿದಳು. ಇಷ್ಟೆಲ್ಲ ಅಕ್ಕರೆ ಎಲ್ಲಿಂದ ಬಂತೋ ಎಂದು ಅಜ್ಜ ಕಣ್ಣು ತುಂಬಿಕೊಂಡ. ಊರಿನವರು ಅಷ್ಟು ಕೆಟ್ಟವರಲ್ಲ ಎಂದುಕೊಂಡ.

ಒಂದು ಬೆಳಗ್ಗೆ ಅವನು ಬಂಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಧ್ಯಾನದಲ್ಲಿದ್ದಾಗ, ಹಿಂದಿನಿಂದ ಕಿವಿ ಹರಿಯುವ ಹಾಗೆ ಸೀಟಿ ಕೇಳಿಸಿತು.

"ಏಳಿ ಮೇಲೆ! ಮನೇಲಿ ಕಕ್ಕಸು ಇಟ್ಕೊಂಡು ಬಯಲಿಗೆ ಬರ್ತೀರಲ್ಲ ಅಜ್ಜಾ, ನಿಮ್ಮ ವಯಸ್ಸಿಗಾದ್ರೂ ಮರ್ಯಾದೆ ಬೇಡ್ವಾ?" ಊರಿನ ಆರೋಗ್ಯ ಕಾರ್ಯಕರ್ತೆ ಮರದ ಕಡೆ ಮುಖ ತಿರುಗಿಸಿ ನಿಂತು ಕೂಗುತ್ತಿದ್ದಳು. ಅವಳ ಹಿಂದೆ ಅಜ್ಜಿ, ಹಣೆ ಚಚ್ಚಿಕೊಳ್ಳುತ್ತ.

ಅಜ್ಜ ಎದ್ದ. ಪಂಚೆ ಇದ್ದಲ್ಲೇ ಇತ್ತು. "ಏನಮ್ಮಾ ನೀನು! ನಾನು ಮಣ್ಣಿಗೆ ನೀರು ಕುಡಿಸ್ತಾ ಇದ್ದೀನಿ!"

"ಮಣ್ಣಿಗೆ?"

"ಹೂಂ. ತಿರುಗಿ ನೋಡು, ಹೆದರಬೇಡ. ಇಲ್ಲಿ ನೋಡು, ಎಲೆ ಇರೋ ಕಡೆ ಸುರಿದ್ರೆ ಗಟಗಟ ಕುಡಿಯುತ್ತೆ. ಬಂಡೆ ನೆರಳಲ್ಲೂ ಕುಡಿಯುತ್ತೆ, ಬಿಸಿಲಲ್ಲೂ ಕುಡಿಯುತ್ತೆ. ನೆರಳಿಗೂ ಇದಕ್ಕೂ ಸಂಬಂಧ ಇಲ್ಲ. ಅಲ್ಲಿ ಗುಡ್ಡೆ ಉರಿದ ಜಾಗ ಇದ್ಯಲ್ಲ, ಅಲ್ಲಿ ಬಾಯೇ ಬಿಡಲ್ಲ. ಮೇಣ ಅಂಟಿರುತ್ತೆ. ರೈನ್‌ಕೋಟ್..."

ತನ್ನ ಬಾಯಿಂದಲೇ ಬೀಗಿತ್ತಿಯ ಮಾತು ಬರುತ್ತಿರುವುದು ಕೇಳಿ ಅಜ್ಜ ಗಕ್ಕನೆ ನಿಂತ.

ಅಜ್ಜಿ ಅವನನ್ನೇ ನೋಡಿದಳು. "ಮುಂದೆ ಹೇಳಿ. ಯಾಕೆ ನಿಲ್ಲಿಸಿದ್ರಿ?"

"ಏನಿಲ್ಲ."

"ನಾವೆಲ್ಲ ನಿಮಗೆ ಭೇದಿ ಅಂತ ಹೆದರಿ ಕೂತಿದ್ವಿ. ಇವರಿಗೆ ಭೇದಿ ಅಲ್ಲ, ಬುದ್ಧಿ ಶುರುವಾಗಿದೆ." ಅಜ್ಜಿ ಚೊಂಬು ಕಿತ್ತುಕೊಂಡು ಇಳಿದು ಹೋದಳು. ಗಂಜಿ ಅಕ್ಕರೆಯ ಗುಟ್ಟು ಅಜ್ಜನಿಗೆ ಆಗ ಹೊಳೆಯಿತು.

ಅಂದು ಮಧ್ಯಾಹ್ನ, ಬಹಳ ದಿನಗಳ ಮೇಲೆ ಸಿಕ್ಕ ಅನ್ನ ಕಲೆಸುತ್ತ, ಅಜ್ಜ ಗೋಡೆಯ ಕಡೆ ನೋಡಿ ಕೇಳಿದ. "ಹಾಗಾದ್ರೆ ಬೆಂಕೀನೇ ಬೇಡ ಅನ್ನಿ."

ಗೋಡೆಯ ಕಡೆಯಿಂದಲ್ಲ, ಮಗಳ ಬೆನ್ನುನೋವು ನೋಡಿಕೊಂಡು ಇನ್ನೂ ಅಲ್ಲೇ ಉಳಿದಿದ್ದ, ಪಕ್ಕದಲ್ಲಿ ಕೂತ ಬೀಗಿತ್ತಿಯಿಂದ ಉತ್ತರ ಬಂತು. "ಹಾಗೂ ಅಲ್ಲ ಬೀಗರೇ. ಒಣಕಾಡಲ್ಲಿ ಎಲೆ, ಒಣಹುಲ್ಲು ವರ್ಷಾನುಗಟ್ಟಲೆ ರಾಶಿ ಬಿದ್ರೆ, ಯಾವನೋ ಬೇಸಿಗೇಲಿ ಬೀಡಿ ಎಸೆದ ಅಂದ್ರೆ ಕಾಡೇ ಹೋಗುತ್ತೆ. ಮಣ್ಣೂ ಬೇಯುತ್ತೆ. ಅದಕ್ಕೇ ನಾವು ಬೆಂಕೀನ ಪಳಗಿಸ್ಕೋತೀವಿ. ನೆಲದಲ್ಲಿ ತೇವ ಇರೋವಾಗ, ತಂಪು ಹೊತ್ತಲ್ಲಿ, ಒಂದು ತುಂಡು ಜಾಗಕ್ಕೆ ಮಾತ್ರ. ಈ ವರ್ಷ ಇದಕ್ಕೆ ಕೊಟ್ರೆ, ಇದಕ್ಕೆ ಮತ್ತೆ ಕೆಲವು ವರ್ಷ ವಿಶ್ರಾಂತಿ. ಗುಡ್ಡೆ ಹಾಕಂಗಿಲ್ಲ. ಬಿದ್ದ ಮರದ ದಿಮ್ಮಿ ಮುಟ್ಟಂಗಿಲ್ಲ. ಎಲ್ಲಕ್ಕಿಂತ ಮೊದಲು ಅರಣ್ಯ ಕಚೇರಿಯವರು ಬಂದು ನೋಡಿ ಹೂಂ ಅನ್ನಬೇಕು. ಎಷ್ಟೋ ಜಾಗಕ್ಕೆ ಬೇಡ ಅಂತಲೂ ಹೇಳ್ತಾರೆ."

"ನಮ್ಮದಕ್ಕೆ ಏನಂತಾರೆ?"

"ಕರೆಸೋಣ. ಕೇಳೋಣ."

ಅರಣ್ಯ ಕಚೇರಿಯ ಗಾರ್ಡ್ ಬಂದ. ಮೊದಲು ಅಜ್ಜನಿಗೆ, ಹಳೆಯ ವರ್ಷಗಳದೆಲ್ಲ ಸೇರಿಸಿ, ಒಂದು ದೊಡ್ಡ ಬೈಗುಳ ಆಯಿತು. ಆಮೇಲೆ ಅವನು ಇಳಿಜಾರನ್ನೆಲ್ಲ ಸುತ್ತಿ, ಮಣ್ಣು ಕೈಯಲ್ಲಿ ಹಿಸುಕಿ ನೋಡಿ ಹೋದ. ಮೇಲಧಿಕಾರಿಯಿಂದ ಒಪ್ಪಿಗೆ ತಂದ. ಮೇಲಿನ ಒಂದು ತುಂಡಿಗೆ ಮಾತ್ರ ತಂಪು ಬೆಂಕಿ. ಉಳಿದದ್ದಕ್ಕೆ ಕಡ್ಡಿ ತೋರಿಸುವಂತಿಲ್ಲ. ಗೋರಿದ ಗುಡ್ಡೆಗಳನ್ನೆಲ್ಲ ಮೊದಲಿನ ಹಾಗೆ ಹರಡಬೇಕು.

ಅಜ್ಜ ಗುಡ್ಡೆಗಳನ್ನು ಹರಡಿದ. ಎಲ್ಲವನ್ನೂ ಅಲ್ಲ. ಆ ತುಂಡಿನ ಕೆಳಗಿನ ಮೂಲೆಯಲ್ಲಿ, ಮುಳ್ಳುಪೊದೆಯ ಮರೆಯಲ್ಲಿ, ಒಂದು ಗುಡ್ಡೆಯನ್ನು ಹಾಗೇ ಬಿಟ್ಟು ಮೇಲೆ ಹಸಿ ಸೊಪ್ಪು ಮುಚ್ಚಿದ. ಬೀಗಿತ್ತಿಯ ಮಾತು ನಿಜವೇ ಇರಬಹುದು. ಆದರೂ ಅಪ್ಪನ ಮಾತಿಗೆ ಒಂದು ಮೂಲೆ ಇರಲಿ. ಎಲ್ಲ ಮೊಟ್ಟೆ ಒಂದೇ ಕೋಳಿಯ ಕೆಳಗೆ ಇಡುವುದು ಜಾಣತನವಲ್ಲ ಎಂದು ಅವನ ಲೆಕ್ಕ.

"ಎಲ್ಲಾ ಗುಡ್ಡೆ ಹರಡಿದ್ದೀರಾ?" ಎಂದು ಗಾರ್ಡ್ ಕೇಳಿದ.

"ಎಲ್ಲಾ," ಎಂದ ಅಜ್ಜ, ಆಕಾಶದಲ್ಲಿ ಏನನ್ನೋ ಹುಡುಕುತ್ತ.

ಬೆಂಕಿಯ ದಿನ ಬೀಗಿತ್ತಿಯ ತಂಡ ಬೆಳಗ್ಗೆಯೇ ಬಂತು. ಹೆಂಗಸರ ಬೆನ್ನಿಗೆ ನೀರಿನ ಪಂಪು, ಕೈಯಲ್ಲಿ ಹಸಿಸೊಪ್ಪಿನ ಕೊಂಬೆ, ಒದ್ದೆ ಗೋಣಿ. ಸುಡುವ ತುಂಡಿನ ಸುತ್ತ ನೆಲ ಕಾಣುವ ಹಾಗೆ ಕೆರೆದು ಗೆರೆ ಬಿಡಿಸಿದರು. ಗಾಳಿ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಬೀಸುತ್ತಿತ್ತು. ಅದಕ್ಕೆ ಎದುರಾಗಿ, ಮೇಲಿನ ಅಂಚಿನಿಂದ ಬೀಗಿತ್ತಿ ಬೆಂಕಿ ಕೊಟ್ಟಳು.

ಅಜ್ಜ ಅಭ್ಯಾಸಬಲದಿಂದ ಕೈ ಮೇಲೆತ್ತಿದ. ಆಮೇಲೆ ಭುಜದವರೆಗೆ ಇಳಿಸಿದ. ಆಮೇಲೆ ಸೊಂಟಕ್ಕೆ. ಕೊನೆಗೆ ಬಗ್ಗಿ ಕಣಕಾಲು ಮುಟ್ಟಿಕೊಂಡ. ಉರಿ ಅಲ್ಲಿತ್ತು.

"ಇದು ಬೆಂಕೀನಾ? ನನ್ನ ಬೀಡಿ ಇದಕ್ಕಿಂತ ಜೋರು!"

"ಬೆಂಕಿ ಹೀಗೇ ತೆವಳ್ಕೊಂಡು ಹೋಗ್ಬೇಕು ಬೀಗರೇ," ಎಂದಳು ಬೀಗಿತ್ತಿ. "ಮೇಲಿನ ಕಸ ನೆಕ್ಕಿ ಹೋಗ್ಬೇಕು, ಕೆಳಗಿನ ಬೇರಿಗೆ ಗೊತ್ತೇ ಆಗ್ಬಾರ್ದು."

ಬೆಂಕಿ ಮುದಿ ಎಮ್ಮೆಯ ಹಾಗೆ ನಿಧಾನಕ್ಕೆ ಇಳಿಯಿತು. ಅಲ್ಲಲ್ಲಿ ತೇವ ಸಿಕ್ಕ ಕಡೆ ತಾನಾಗಿಯೇ ಆರಿತು, ಅಲ್ಲಿನ ಎಲೆ ಹಾಗೇ ಉಳಿಯಿತು. ಅಜ್ಜನಿಗೆ ಆಕಳಿಕೆ ಬಂತು. ಆಕಳಿಸುತ್ತಿದ್ದ ಬಾಯಿ ಹಾಗೇ ತೆರೆದುಕೊಂಡಿತು, ಏಕೆಂದರೆ ಬೆಂಕಿ ಆಗ ಮುಳ್ಳುಪೊದೆಯ ಹತ್ತಿರ ಬಂದಿತ್ತು. ಪೊದೆಯ ಆಚೆ, ಗೆರೆಯ ಹೊರಗೆ, ಈ ವರ್ಷದ ಹುಲ್ಲು ಒಟ್ಟಿದ ಚಪ್ಪರ. ವ್ಯಾಪಾರಿ ಹೇಗೋ ತೆಗೆದುಕೊಳ್ಳುತ್ತೇನೆ ಎಂದಿದ್ದ, ಇನ್ನೂ ಕಟ್ಟಿ ಮುಗಿಯದ ಹುಲ್ಲು. ಗುಡ್ಡೆ ಬಚ್ಚಿಡುವಾಗ ಅಜ್ಜನಿಗೆ ಮರೆ ಕಂಡಿತ್ತು, ಚಪ್ಪರ ಕಂಡಿರಲಿಲ್ಲ.

ಭುಗ್ ಎಂದಿತು!

ಉರಿ ಪೊದೆಯನ್ನು ನುಂಗಿ, ಆಳೆತ್ತರ ಎದ್ದು, ಕಿಡಿಗಳನ್ನು ಗೆರೆಯಾಚೆಗೆ ಉಗಿಯಿತು. ಚಪ್ಪರದ ಅಂಚಿನಿಂದ ಹೊಗೆ ಬಂತು. ಅಜ್ಜಿ ಕಿರುಚಿದಳು. ಅಜ್ಜ ಮೈಮೇಲಿನ ಅಂಗಿ ಕಿತ್ತು ಓಡಿದ, ಅಂಗಿಯಿಂದ ಬಡಿದ. ಬಡಿದಷ್ಟೂ ಗಾಳಿ ಸಿಕ್ಕಿ ಉರಿ ಇನ್ನೂ ಖುಷಿಪಟ್ಟಿತು.

"ಬೀಸಬೇಡಿ, ಅದುಮಿ! ಈಚೆ ಬನ್ನಿ ಬೀಗರೇ!" ಬೀಗಿತ್ತಿ ಅವನ ಕುತ್ತಿಗೆಗೆ ಕೈ ಹಾಕಿ ಹಿಂದಕ್ಕೆ ಎಳೆದಳು. ಬೀಗರ ಕುತ್ತಿಗೆ ಹಿಡಿಯುವುದು ಮರ್ಯಾದೆಯೋ ಅಲ್ಲವೋ ಎಂದು ಯೋಚಿಸಲು ಆಗ ಯಾರಿಗೂ ಬಿಡುವಿರಲಿಲ್ಲ. ಪಂಪುಗಳು ಚಪ್ಪರಕ್ಕೆ ನೀರು ಹೊಡೆದವು. ಸೊಸೆ ಒದ್ದೆ ಗೋಣಿಯನ್ನು ಹೊಗೆಯ ಮೇಲೆ ಹಾಸಿ ಅದರ ಮೇಲೇ ಕೂತುಬಿಟ್ಟಳು. ಗಾರ್ಡ್ ಮತ್ತು ಮಗ ಗುಡ್ಡೆಗೆ ಮಣ್ಣು ಎರಚಿದರು. ಒಂದು ಮೂಲೆಯ ಹುಲ್ಲು ಹೋಯಿತು. ಉಳಿದದ್ದು ಉಳಿಯಿತು.

ಎಲ್ಲರೂ ಏದುಸಿರು ಬಿಡುತ್ತ ನಿಂತಾಗ ಅಜ್ಜನ ಮೀಸೆಯ ಬಲಗಡೆ ಇರಲಿಲ್ಲ.

ಬೀಗಿತ್ತಿ ಅವನ ಮುಂದೆ ಬಂದು, ಸೆರಗು ಸರಿಮಾಡಿಕೊಂಡು, ತುಂಬ ಮರ್ಯಾದೆಯಿಂದ ಕೇಳಿದಳು. "ಉರಿ ನಿಮ್ಮೆತ್ತರ ಬಂತು ಬೀಗರೇ. ಸಮಾಧಾನ ಆಯ್ತಾ?"

ಅಜ್ಜ ಬರಿಮೈಯಲ್ಲೇ ಹೋಗಿ, ತಂಪು ಬೆಂಕಿ ಹಾದುಹೋದ ಕಡೆ ಕೂತ. ಬೂದಿ ಸರಿಸಿ ಅಂಗೈ ಇಟ್ಟ. ಬೆರಳುದ್ದ ಕೆಳಗೆ ಮಣ್ಣು ತಣ್ಣಗಿತ್ತು. ಹುಲ್ಲಿನ ಬುಡ ಬೆಳ್ಳಗೆ, ಹಸಿಯಾಗಿತ್ತು. ಒಂದು ಇರುವೆ ಅವನ ಬೆರಳಿನ ಮೇಲೆ ಹತ್ತಿ, ಏನೂ ಆಗಿಲ್ಲವೆಂಬಂತೆ ಇಳಿದು ಹೋಯಿತು. ಆಮೇಲೆ ಗುಡ್ಡೆಯ ಜಾಗದಲ್ಲಿ ಕೈ ಇಡಲು ಹೋದ. ಇಡಲಾಗಲಿಲ್ಲ. ಸಂಜೆ ಮತ್ತೆ ಬಂದು ಕೋಲಿನಿಂದ ಕೆದಕಿದ. ಮಣ್ಣು ಇಟ್ಟಿಗೆಯ ಹಾಗೆ ಕೆಂಪಾಗಿತ್ತು, ಇನ್ನೂ ಬಿಸಿಯಿತ್ತು.

"ಅಪ್ಪ ಹೇಳಿದ್ದು ತಪ್ಪಾ?" ಎಂದು ಅಜ್ಜಿಯನ್ನು ಕೇಳಿದ. ಅವನ ದನಿ ಸಣ್ಣದಾಗಿತ್ತು.

ಅಜ್ಜಿ ಆಗ ತಮಾಷೆ ಮಾಡಲಿಲ್ಲ. "ಮಾವನ ಕಾಲದಲ್ಲಿ ಕಾಡು ದೊಡ್ಡದಿತ್ತು ಕಣ್ರೀ. ಇವತ್ತು ಇಲ್ಲಿ ಸುಟ್ರೆ ಮತ್ತೆ ಅಲ್ಲಿಗೆ ಬರೋಕೆ ಎಷ್ಟೋ ವರ್ಷ ಆಗ್ತಿತ್ತು. ಮಣ್ಣಿಗೆ ಉಸಿರಾಡೋಕೆ ಹೊತ್ತು ಸಿಗ್ತಿತ್ತು. ನಮಗಿರೋದು ಇಷ್ಟೇ ಇಳಿಜಾರು. ನೀವು ಅದನ್ನೇ ವರ್ಷ ವರ್ಷ ಹುರಿದ್ರಿ."

ಮಳೆ ಬಂತು. ಗುಡ್ಡೆ ಉರಿದ ಜಾಗದ ಬೂದಿ ಮೊದಲ ಮಳೆಗೇ ಕಪ್ಪು ನೀರಾಗಿ ಚರಂಡಿ ಸೇರಿತು. ಉಳಿದ ಕಡೆ ನೀರು ನಿಂತು, ಯೋಚಿಸಿ, ಒಳಗೆ ಇಳಿಯಿತು. ತಂಪು ಬೆಂಕಿಯ ತುಂಡಿನಲ್ಲಿ ಹುಲ್ಲು ಚಿಗುರಿತು. ಅರ್ಧಕ್ಕೆ ಬಂತು. ಅಜ್ಜ ಉಸಿರು ಬಿಗಿ ಹಿಡಿದ. ಅದು ಅಲ್ಲಿ ನಿಲ್ಲಲಿಲ್ಲ! ಎಲೆ ಹರಡಿ ಸುಡದೆ ಬಿಟ್ಟ ಕಡೆಯೂ ಹುಲ್ಲು ದಟ್ಟವಾಯಿತು. ಗುಡ್ಡೆಯ ಜಾಗ ಮಾತ್ರ ಅಜ್ಜನ ನೆತ್ತಿಯ ಹಾಗೆ ಬೋಳು ಬೋಳಾಗಿ ಉಳಿಯಿತು.

ಕೊಯ್ಲಿಗೆ ವ್ಯಾಪಾರಿ ಬಂದ. ಸೀನಿದ. ಪೊರಕೆ ಎತ್ತಿ ಕಾಲಿನ ಪಕ್ಕ ಹಿಡಿದ. ಕೋಣೆಯಲ್ಲಿ ಯಾರೂ ತಂತಿ ಬಿಗಿಯಲಿಲ್ಲ, ಯಾರೂ ಹುಲ್ಲು ಬಾಚಲಿಲ್ಲ.

"ಮೊಣಕಾಲು ದಾಟಿದೆ," ಎಂದ ವ್ಯಾಪಾರಿ. "ತೊಡೆಗೆ ಬಂದಿದೆ. ಸೊಂಟಕ್ಕಿನ್ನೂ ಬಂದಿಲ್ಲ."

"ಒಂದೇ ವರ್ಷಕ್ಕೆ ಮಣ್ಣು ಸರಿಹೋಗಲ್ಲ ಸ್ವಾಮಿ," ಎಂದ ಅಜ್ಜ. "ನಾನು ಕೆಡಿಸೋಕೆ ಎಷ್ಟು ವರ್ಷ ತಗೊಂಡೆ? ಅದಕ್ಕೂ ಸ್ವಲ್ಪ ಟೈಮ್ ಕೊಡಬೇಕು. ಸುಳ್ಳು ಹೇಳಿ ನಿಮಗೆ ಮಾರಲ್ಲ. ಮುಂದಿನ ವರ್ಷ ಇನ್ನೂ ಸ್ವಲ್ಪ ಉದ್ದ ಬರುತ್ತೆ. ಇಷ್ಟೇ ನನಗೆ ಗೊತ್ತಿರೋದು."

ವ್ಯಾಪಾರಿ ಪೊರಕೆಯಿಂದ ನೆಲವನ್ನು ಎರಡು ಸಲ ಗುಡಿಸಿ ನೋಡಿದ. ಹೆಚ್ಚು ಬಾಗಬೇಕಾಗಲಿಲ್ಲ. "ಸರಿ. ಪ್ಲಾಸ್ಟಿಕ್‌ನವನಿಗೆ ಬೇಡ ಅಂತ ಹೇಳ್ತೀನಿ. ಗಾಡಿ ಕಳಿಸಲಾ?"

ಸೊಸೆಯ ಕೈಯಲ್ಲಿ ತಂತಿ ಮತ್ತೆ ಓಡತೊಡಗಿತು. ಅಜ್ಜ ಎದ್ದು ಹೊರಗೆ ಹೋದ. ಧೂಳು ಕಣ್ಣಿಗೆ ಬಿತ್ತು ಎಂದು ಹೇಳಿದ. ಯಾರೂ ಅಲ್ಲಗಳೆಯಲಿಲ್ಲ.

ಈ ಕಥೆ ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ 'ಅಪ್ಪನ ಕಾಲದ ಮಾತು' ಯಾವುದಿದೆಯೋ ನಮಗೆ ಗೊತ್ತಿಲ್ಲ. ಅದನ್ನು ಅವಮಾನಿಸಬೇಡಿ, ಆದರೆ ಒಮ್ಮೆ ಮಣ್ಣನ್ನು ಮುಟ್ಟಿ ಕೇಳಿ. ಒಣಕಾಡಿನ ನೆಲದಲ್ಲಿ ಬಿದ್ದ ಎಲೆ ಕಸವಲ್ಲ, ಮುಂದಿನ ಹುಲ್ಲಿನ, ಮುಂದಿನ ಮರದ ಊಟ. ಅದನ್ನು ಗುಡ್ಡೆ ಹಾಕಿ ಸುಡಬೇಡಿ, ಒಂದೇ ಜಾಗವನ್ನು ವರ್ಷ ವರ್ಷ ಸುಡಬೇಡಿ, ಬೇಸಿಗೆಯ ಬಿಸಿಲಿನಲ್ಲಂತೂ ಬೆಂಕಿಯ ಹೆಸರೆತ್ತಬೇಡಿ. ನಿಮ್ಮ ಕಾಡಿಗೆ ತಂಪು ಬೆಂಕಿ ಬೇಕೋ ಬೇಡವೋ ಎಂದು ನೀವು, ನಾವು ಒಬ್ಬರೇ ನಿರ್ಧರಿಸುವಂತಿಲ್ಲ. ಅದನ್ನು ಬಲ್ಲವರಿದ್ದಾರೆ, ಹೇಳಿಕೊಡಲು ತಯಾರಿದ್ದಾರೆ, ಕರೆದರೆ ನಿಮ್ಮ ಇಳಿಜಾರಿಗೇ ಬರುತ್ತಾರೆ. ಈ ವರ್ಷ ಕಡ್ಡಿ ಗೀರುವ ಮೊದಲು ಅರಣ್ಯ ಕಚೇರಿಯ ಬಾಗಿಲು ತಟ್ಟಿ.